ಕೊಂಡ ಮನೆಯ ಜಂತೆ

ರಾತ್ರಿಯ ಊಟಕ್ಕೆ ತಟ್ಟೆ ಇಟ್ಟಾಗಿತ್ತು. ಬಾಗಿಲು ಬಡಿದ ಸದ್ದು.

ಒಮ್ಮೆ. ಸ್ವಲ್ಪ ತಡೆದು ಮತ್ತೊಮ್ಮೆ. ಅಂಜುತ್ತ ಬಂದವರ ಬಡಿತವಲ್ಲ ಅದು, ಕದ್ದು ಬಂದವರ ಬಡಿತವೂ ಅಲ್ಲ. ತಮ್ಮ ಮನೆಗೆ ತಾವು ಬಂದವರು ಒಳಗಿನವರನ್ನು ಕರೆಯಲು ಬಡಿಯುತ್ತಾರಲ್ಲ, ಅಂಥ ಬಡಿತ. ಗಂಡ ಎದ್ದ. ಚಿಲಕಕ್ಕೆ ಕೈ ಹಾಕಿದ.

ಇರಲಿ ಶರಣರೇ, ಆ ಕೈ ಸ್ವಲ್ಪ ಹೊತ್ತು ಚಿಲಕದ ಮೇಲೆಯೇ ಇರಲಿ. ಹೊರಗೆ ನಿಂತವರು ಯಾರೆಂದು ಈಗಲೇ ಹೇಳಿಬಿಟ್ಟರೆ ಹಿಂದಿನ ಸಾಲಿನವರು ಪ್ರಸಾದದ ಪಂಕ್ತಿ ಹಿಡಿಯಲು ಎದ್ದುಬಿಡುತ್ತೀರಿ. ನಾನು ಬಲ್ಲೆ.

ನಮ್ಮ ಬಯಲುಸೀಮೆಯ ಊರೊಂದರಲ್ಲಿ ಶ್ರೀಮಂತರೊಬ್ಬರಿದ್ದರು. ಪೇಟೆ ಬೀದಿಯಲ್ಲಿ ಜವಳಿ ಅಂಗಡಿ, ಅದರ ಹಿಂದೆ ತೊಟ್ಟಿಮನೆ, ಊರಿನ ನಾಲ್ಕು ಕಡೆ ಬಾಡಿಗೆಯ ಕಟ್ಟಡಗಳು. ಊರೆಲ್ಲ ಅವರನ್ನು ಯಜಮಾನರು ಎನ್ನುತ್ತಿತ್ತು. ನಾವೂ ಹಾಗೆಯೇ ಅನ್ನೋಣ. ಅದೇ ಊರಿನಲ್ಲಿ ಒಬ್ಬ ಬಸ್ ಕಂಡಕ್ಟರ್ ಇದ್ದ. ಅವನಿಗೆ ಮಾತ್ರ ಒಂದು ಹೆಸರು ಬೇಕು. ಹೆಸರಿಲ್ಲದವನ ಸಂಕಟ ನಮಗೆ ತಟ್ಟುವುದಿಲ್ಲ. ಷಡಕ್ಷರಿ ಎನ್ನೋಣ. ಅವನ ಹೆಂಡತಿ ವನಜಾಕ್ಷಿ.

ಈ ಷಡಕ್ಷರಿ ಬಸ್ಸು ಹತ್ತಿದನೆಂದರೆ ಅವನ ಗತ್ತೇ ಬೇರೆ. ಸೀಟಿ ಊದಿದರೆ ಬಸ್ಸು ನಿಲ್ಲಬೇಕು, ಕೈ ನೀಡಿದರೆ ಚಿಲ್ಲರೆ ಬೀಳಬೇಕು. ಒಂದು ದಿನ ಇಸ್ತ್ರಿ ಮಾಡಿದ ಬಿಳಿ ಅಂಗಿಯವನೊಬ್ಬ ಮುಂದಿನ ಸೀಟಿನಲ್ಲಿ ಕಾಲು ಚಾಚಿ ಕುಳಿತಿದ್ದ.

“ಟಿಕೆಟ್?”

“ನಾನ್ಯಾರು ಗೊತ್ತೇನಯ್ಯ? ನಿಮ್ಮ ಡಿಪೋ ಮ್ಯಾನೇಜರ ಭಾವಮೈದ.”

“ಹಂಗಾದ್ರೆ ಭಾವನ ಮರ್ಯಾದೆ ನಿಮ್ಮ ಕೈಲೈತೆ. ತಗೊಳಿ ಟಿಕೆಟ್ಟು.”

ಬಸ್ಸೆಲ್ಲ ನಕ್ಕಿತು. ಬಿಳಿ ಅಂಗಿ ಟಿಕೆಟ್ ತೆಗೆದುಕೊಂಡಿತು. ನೋಡಿ, ಅಂಥವನು ಷಡಕ್ಷರಿ. ಕೇಳಬೇಕಾದದ್ದನ್ನು ಯಾರ ಮುಖಕ್ಕಾದರೂ ಕೇಳುವವನು. ಇದನ್ನು ಮನಸ್ಸಿನಲ್ಲಿಟ್ಟುಕೊಳ್ಳಿ. ಏಕೆಂದರೆ ಇದೇ ಮನುಷ್ಯ ತನ್ನ ಬದುಕಿನ ಅತಿ ದೊಡ್ಡ ವ್ಯವಹಾರದಲ್ಲಿ ಒಂದೇ ಒಂದು ಪ್ರಶ್ನೆ ಕೇಳದೆ ಕೆಟ್ಟ.

ಗಂಡಹೆಂಡಿರು ಇದ್ದದ್ದು ಒಂದು ವಠಾರದಲ್ಲಿ. ನಿಮ್ಮಲ್ಲಿ ಎಷ್ಟು ಜನ ವಠಾರದಲ್ಲಿ ಬೆಳೆದಿದ್ದೀರಿ? ಎತ್ತಿ ಕೈ. ನೋಡಿ, ಕೈ ಎತ್ತಿದವರ ಮುಖದಲ್ಲಿ ಆಗಲೇ ನಗು! ಒಂದೇ ನಲ್ಲಿ, ಒಂದೇ ಒಗೆಯುವ ಕಲ್ಲು, ಸಾಲಾಗಿ ಬಾಗಿಲುಗಳು. ಒಬ್ಬರ ಮನೆಯಲ್ಲಿ ಸಾರಿಗೆ ಒಗ್ಗರಣೆ ಬಿದ್ದರೆ ಎಲ್ಲರ ಮನೆಯಲ್ಲೂ ಸೀನು. ಒಬ್ಬರ ಮಗಳನ್ನು ನೋಡುವವರು ಬಂದರೆ ಎಲ್ಲರ ಮನೆಯ ಬೆಳ್ಳಿಲೋಟ ಅಲ್ಲಿ. ಬೇಸಿಗೆಯ ಸಂಜೆ ಅಂಗಳಕ್ಕೆ ನೀರು ಚಿಮುಕಿಸಿ, ಚಾಪೆ ಹಾಸಿ, ಹುಣಸೆಹಣ್ಣು ಬಿಡಿಸುತ್ತ ಕುಳಿತರೆ, ಆ ಹುಳಿ ವಾಸನೆ ಬೆರಳಿನಿಂದ ಮರುದಿನವೂ ಹೋಗುತ್ತಿರಲಿಲ್ಲ. ಆ ಅಂಗಳವನ್ನು ಒಡೆದು ಅಂಗಡಿಗಳ ಕಟ್ಟಡ ಕಟ್ಟುವುದೆಂದು ವಠಾರದ ಒಡೆಯನ ಮಕ್ಕಳು ತೀರ್ಮಾನಿಸಿದರು. ಎಲ್ಲರೂ ಖಾಲಿ ಮಾಡಬೇಕು ಎಂದರು. ಆ ದಿನ ವನಜಾಕ್ಷಿ ಒಗೆಯುವ ಕಲ್ಲಿನ ಮೇಲೆ ಕುಳಿತುಬಿಟ್ಟಳು.

“ಇನ್ನು ಯಾರ ಮನೇಗೂ ಬಾಡಿಗೆಗೆ ಬರಲ್ಲ ನಾನು,” ಎಂದಳು. “ಗುಡಿಸಲಾದ್ರೂ ಚಿಂತೆಯಿಲ್ಲ, ಎದ್ದೇಳು ಅನ್ನೋರು ಇರಬಾರದು.”

ಈ ಸುದ್ದಿ ಯಜಮಾನರ ಕಿವಿಗೆ ಬಿತ್ತು. ಹೇಳಿ ಕಳಿಸಿದರು. ಹೋದರೆ ಹೋಳಿಗೆ ಊಟ! ದೊಡ್ಡ ಎಲೆ, ಪಕ್ಕದಲ್ಲಿ ತುಪ್ಪದ ಗಿಂಡಿ, ಬಡಿಸುವವರು ಯಜಮಾನರ ಹೆಂಡತಿಯೇ.

“ನಿಮ್ಮಪ್ಪನ ಮದುವೆ ಜವಳಿ ನಮ್ಮಂಗಡೀದೇ ಕಣಪ್ಪ,” ಎಂದರು ಯಜಮಾನರು. “ಆವಾಗ ಪತ್ರವೇ, ಜಾಮೀನೇ? ‘ಕಳಿಸಿಕೊಡಿ ಯಜಮಾನ್ರೇ, ಕೊಯ್ಲಾದ ಮೇಲೆ ಕೊಡ್ತೀನಿ’ ಅಂದ. ಕೊಟ್ಟೆವು. ಅವನೂ ತಂದು ಕೊಟ್ಟ. ಬಾಯಿಮಾತೇ ಪತ್ರ ಆಗಿದ್ದ ಕಾಲ! ಹಾಕೇ ತುಪ್ಪಾನ, ನಮ್ಮ ಹುಡುಗ.”

ಷಡಕ್ಷರಿಯ ಕಣ್ಣು ತುಂಬಿತು. ತೀರಿಹೋದ ಅಪ್ಪನ ಮಾತು ಬಂದರೆ ಯಾರ ಕಣ್ಣು ತುಂಬುವುದಿಲ್ಲ? ಅಪ್ಪನ ಹೆಗಲ ಮೇಲೆ ಕುಳಿತು ಇದೇ ಅಂಗಡಿಗೆ ಬಂದದ್ದು, ಹೊಸ ಬಟ್ಟೆಯ ಗಂಜಿಯ ವಾಸನೆ, ಯಜಮಾನರು ಅಂಗೈಗೆ ಹಾಕುತ್ತಿದ್ದ ಕಲ್ಲುಸಕ್ಕರೆ, ಎಲ್ಲವೂ ಒಟ್ಟಿಗೆ ನುಗ್ಗಿ ಬಂದವು. ಕೈತೊಳೆಯುವ ಹೊತ್ತಿಗೆ ಮಾತು ಮುಗಿದಿತ್ತು. ಕೆರೆಯ ಏರಿಯ ಕಡೆಗಿದ್ದ ಯಜಮಾನರ ಒಂದು ಮನೆ, ಕೆಳಗೆ ಒಂದು ಸಂಸಾರ, ಮೇಲೆ ಒಂದು ಸಂಸಾರ ಇರುವಂಥದ್ದು, ಷಡಕ್ಷರಿಗೆ. ಕೆಳಗೆ ಇವರು ಇರುವುದು, ಮೇಲಿನದನ್ನು ಬಾಡಿಗೆಗೆ ಕೊಡುವುದು, ಆ ಬಾಡಿಗೆಯಿಂದ ಬ್ಯಾಂಕಿನ ಕಂತು ಕಟ್ಟುವುದು. ಲೆಕ್ಕ ಅಷ್ಟೇ. ಬಾಡಿಗೆ ಬಂದರೆ ಮನೆ ನಿಲ್ಲುತ್ತದೆ. ಬಾರದಿದ್ದರೆ ಸಂಬಳವೊಂದರಿಂದಲೇ ಕಂತು ತೀರುವುದಿಲ್ಲ, ಮನೆ ಹೋಗುತ್ತದೆ.

ಮರುದಿನ ಮನೆ ನೋಡಲು ಹೋದರು. ಮೇಲಿನ ಬಾಗಿಲಿಗೆ ಬೀಗ.

“ಮೇಲೆ ಯಾರಿದ್ದಾರೆ?” ವನಜಾಕ್ಷಿ ಪಿಸುಗುಟ್ಟಿದಳು.

“ನಮ್ಮ ಕಡೆಯವರ ಸಾಮಾನು ಒಂದಷ್ಟು ಇದೆ. ಬಂದು ತಗೊಂಡು ಹೋಗ್ತಾರೆ,” ಎಂದರು ಜೊತೆಗೆ ಬಂದಿದ್ದ ಯಜಮಾನರು.

ಹಿಂದಿರುಗುವಾಗ ಎದುರು ಮನೆಯ ಜಗಲಿಯಲ್ಲಿ ಕುಳಿತಿದ್ದ ಅಜ್ಜಿ ಕರೆದಳು. “ಮನೆ ನೋಡಕ್ಕೆ ಬಂದ್ರಾ? ಬನ್ನಿ ಕೂತ್ಕಳಿ, ಒಂದು ಲೋಟ ಕಾಫಿ ಕುಡೀರಿ.” ಷಡಕ್ಷರಿ ಕೈಮುಗಿದು ಮುಂದೆ ನಡೆದ.

“ಕೂತಿದ್ರೆ ನಾಲ್ಕು ಮಾತು ತಿಳೀತಿತ್ತು,” ಎಂದಳು ಹೆಂಡತಿ.

“ಯಜಮಾನರ ಕಣ್ಣೆದುರಿಗೇ ಅವರ ಮನೆ ವಿಚಾರ ಬೇರೆಯವರ ಹತ್ರ ಕೇಳೋದಾ? ಉಂಡ ಮನೆ ಜಂತೆ ಎಣಿಸಬಾರದು ಕಣೆ.”

“ಬಸ್ಸಲ್ಲಿ ಹುಲಿ, ಎಲೆ ಮುಂದೆ ಇಲಿ!” ಎಂದಳು ವನಜಾಕ್ಷಿ.

ಗಾದೆ ದೊಡ್ಡದು, ಒಪ್ಪಿದೆ. ಉಂಡ ಮನೆಯ ಜಂತೆ ಎಣಿಸಬಾರದು. ಆದರೆ ಶರಣರೇ, ಕೊಳ್ಳುವ ಮನೆಯ ಜಂತೆಯನ್ನೂ ಎಣಿಸಬಾರದೇ? ಎರಡೂ ಒಬ್ಬರದೇ ಆದರೆ ಏನು ಮಾಡಬೇಕು? ಗಾದೆಯಲ್ಲಿ ಅದಕ್ಕೆ ಉತ್ತರವಿಲ್ಲ.

ಇನ್ನು ಬ್ಯಾಂಕಿಗೆ ಬನ್ನಿ. ಅಲ್ಲಿನ ಮ್ಯಾನೇಜರ್ ಗದಗಿನ ಕಡೆಯ ಹೆಣ್ಣುಮಗಳು. ನಮ್ಮ ಜನರಿಗೆ ಬ್ಯಾಂಕೆಂದರೆ ಭಯ. ಕೇಳಿದ ಕಡೆಯಲ್ಲೆಲ್ಲ ಸಹಿ ಹಾಕಿ ಬೆವರು ಒರೆಸಿಕೊಂಡು ಬರುತ್ತೇವೆ. ಆಕೆ ಹಾಗೆ ಬಿಡಲಿಲ್ಲ. ಕುರ್ಚಿ ತೋರಿಸಿದರು.

“ಕೂಡ್ರಿ. ಅವಸರ ಮಾಡಬ್ಯಾಡ್ರಿ. ಮನಿ ನಿಮ್ಮ ಹೆಸರಿಗೆ ಆಗ್ತದ, ಖರೇ. ಆದ್ರ ಪತ್ರ ನಮ್ಮ ಕಪಾಟಿನ್ಯಾಗ ಇರ್ತಾವ. ಕಡೀ ಕಂತು ತೀರಿದ ದಿವ್ಸ ನಿಮ್ಮ ಕೈಗೆ. ಪೂರ್ತಿ ರೊಕ್ಕಾ ಬ್ಯಾಂಕ್ ಕೊಡಂಗಿಲ್ಲ, ಒಂದು ಪಾಲು ನಿಮ್ಮದೂ ಬೇಕು. ಮೊದಮೊದಲ ಕಂತಿನ್ಯಾಗ ಹೆಚ್ಚಿಂದು ಬಡ್ಡಿಗೇ ಹೋಗ್ತದ, ಅಸಲು ಭಾಳ ನಿಧಾನ ಕರಗ್ತದ. ಆಮ್ಯಾಲೆ ‘ಇಷ್ಟು ವರ್ಷ ಕಟ್ಟಿದ್ರೂ ಸಾಲ ಹಂಗ ಐತಲ್ಲರೀ’ ಅಂತ ನನ್ನ ಮ್ಯಾಲೆ ಸಿಟ್ಟಿಗೇಳಬಾರ್ದು.”

ಷಡಕ್ಷರಿ ತಲೆಯಾಡಿಸಿದ. ಬ್ಯಾಂಕಿನ ವಕೀಲರು ಕ್ರಯಪತ್ರಗಳನ್ನು ನೋಡಿದರು, ಖಾತೆ ನೋಡಿದರು, ಕಂದಾಯದ ರಸೀದಿ ನೋಡಿದರು, ಆ ಮನೆಯ ಮೇಲೆ ನೋಂದಣಿ ಕಚೇರಿಯಲ್ಲಿ ಬೇರೆ ಯಾವುದಾದರೂ ಸಾಲ ದಾಖಲಾಗಿದೆಯೇ ಎಂದು ಋಣಭಾರದ ಪತ್ರ ತೆಗೆಸಿ ನೋಡಿದರು. ಎಲ್ಲವೂ ಸ್ವಚ್ಛ. ಯಜಮಾನರ ಕಾಗದದಲ್ಲಿ ಒಂದು ಕಲೆಯೂ ಇಲ್ಲ!

ಬೆಲೆ ಕಟ್ಟಲು ಬ್ಯಾಂಕಿನ ಇಂಜಿನಿಯರು ಬಂದ. ಕೆಳಗೆ ಅಳೆದ, ಗೋಡೆ ಕುಟ್ಟಿದ. ಮೇಲಿನ ಬೀಗ ನೋಡಿ ಕೀಲಿಕೈ ಕೇಳಿದ.

“ಅದೇನಿಲ್ಲ ಸಾರ್, ಸಾಮಾನು ಇಟ್ಟವ್ರೆ. ಕೆಳಗೆ ಇದ್ದಂಗೇ ಮೇಲೂ ಐತೆ,” ಎಂದ ಷಡಕ್ಷರಿ. ಇಂಜಿನಿಯರಿಗೂ ಬಿಸಿಲು. ಬರೆದುಕೊಂಡು ಹೋದ.

ಕೊನೆಗೆ ಮ್ಯಾನೇಜರ್ ಕೇಳಿದರು. “ಎಲ್ಲಾ ಬರೋಬ್ಬರಿ ಐತಿ. ಒಂದು ಮಾತು. ಮ್ಯಾಲಿನ ಮನ್ಯಾಗ ಯಾರದಾರ? ನೀವ ಹೋಗಿ ಕೇಳಿ ಬಂದೀರಿಲ್ಲೋ? ಅದು ಕಾಗದದಾಗ ತಿಳಿಯೂದಿಲ್ಲ.”

ಮೊದಲು ಹೆಂಡತಿ, ಆಮೇಲೆ ಜಗಲಿಯ ಅಜ್ಜಿ, ಇಂಜಿನಿಯರು, ಈಗ ಈ ತಾಯಿ. ದೇವರು ಇನ್ನೆಷ್ಟು ಸಲ ಎಚ್ಚರಿಸಬೇಕು? ಷಡಕ್ಷರಿ ಏನೆಂದ ಗೊತ್ತೇ? “ಯಾರೂ ಇಲ್ಲ ಮೇಡಂ. ನಾನು ನೋಡಿದ್ದೀನಿ.” ಏನು ನೋಡಿದ್ದ? ಬೀಗ ನೋಡಿದ್ದ!

ನೋಂದಣಿ ಆಯಿತು. ಗೃಹಪ್ರವೇಶ ಆಯಿತು. ಹಾಲು ಉಕ್ಕಿತು. ವಠಾರದವರೆಲ್ಲ ಬಂದು, ಚೆದುರಿಹೋಗುವ ಮುನ್ನ ಕಡೆಯ ಸಲ ಒಂದೇ ಪಂಕ್ತಿಯಲ್ಲಿ ಕುಳಿತು ಉಂಡರು. ಪಕ್ಕದ ಬಾಗಿಲಿನ ಮುದುಕಿ ತನ್ನ ಒಳಕಲ್ಲಿನ ಗುಂಡನ್ನು ವನಜಾಕ್ಷಿಗೆ ಕೊಟ್ಟು, “ಇನ್ನು ನನಗ್ಯಾಕೆ, ಮಗನ ಮನೇಲಿ ಮಿಕ್ಸಿ ಐತಂತೆ,” ಎಂದು ಅತ್ತಳು. ಷಡಕ್ಷರಿ ಮೆಟ್ಟಿಲಿನ ಗೇಟಿಗೆ ತನ್ನದೇ ಹೊಸ ಬೀಗ ಜಡಿದ. ಸಾಮಾನಿನವರು ಬಂದರೆ ತೆಗೆದುಕೊಟ್ಟರಾಯಿತು. ಆಮೇಲೆ ಸುಣ್ಣ ಬಳಿಸಿ, ಬಾಡಿಗೆಗೆ ಇದೆ ಎಂಬ ಹಲಗೆ.

ಆ ವಾರವೇ ಆ ಬಡಿತ.

ಈಗ ಚಿಲಕ ತೆಗೆಯೋಣ.

ಹೊರಗೆ ನಿಂತಿದ್ದವಳು ನಡುವಯಸ್ಸಿನ ಹೆಂಗಸು. ತಲೆಯ ಮೇಲೆ ಗಂಟು. ಹಿಂದೆ ಕಿವಿಗೆ ಹತ್ತಿ ಇಟ್ಟುಕೊಂಡು ಸ್ಕಾರ್ಫು ಕಟ್ಟಿದ ಹಸಿಬಾಣಂತಿ ಮಗಳು, ಅವಳ ತೋಳಲ್ಲಿ ಕೂಸು. ಬೀದಿದೀಪದ ಕೆಳಗೆ ಆಟೋ ಕಾಯುತ್ತಿತ್ತು.

“ಮೆಟ್ಟಿಲ ಗೇಟಿಗೆ ಬೀಗ ಯಾರಪ್ಪ ಹಾಕಿದ್ದು? ತೆಗಿ, ಕೂಸಿಗೆ ಥಂಡಿ ಆಯ್ತದೆ.”

“ಯಾರಮ್ಮ ನೀವು? ಸಾಮಾನು ತಗೊಂಡು ಹೋಗಕ್ಕೆ ಬಂದ್ರಾ?”

“ಸಾಮಾನು ತಗೊಂಡು ಎಲ್ಲಿಗೆ ಹೋಗಾನ? ನಮ್ಮನೆ ಇದು. ನೀನ್ಯಾರು?”

ಜಯಶೀಲಮ್ಮ ಅವಳ ಹೆಸರು. ಗಂಡ ತೀರಿಕೊಂಡಾಗ ಬಂದ ಹಣವನ್ನೆಲ್ಲ ಯಜಮಾನರ ಕೈಗೆ ಇಟ್ಟು ಆ ಮೇಲಿನ ಮನೆಯನ್ನು ಭೋಗ್ಯಕ್ಕೆ ಹಾಕಿಸಿಕೊಂಡಿದ್ದಳು. ಭೋಗ್ಯ ನಿಮಗೆಲ್ಲ ಗೊತ್ತೇ ಇದೆ: ಇಡಿಗಂಟು ಕೊಡುವುದು, ಬಾಡಿಗೆಯಿಲ್ಲದೆ ಇರುವುದು, ಬಿಡುವಾಗ ಗಂಟು ವಾಪಸು ಪಡೆಯುವುದು. ಗಂಟು ಕೈಗೆ ಬರುವವರೆಗೆ ಏಳು ಎನ್ನುವಂತಿಲ್ಲ. ಮಗಳ ಬಾಣಂತನಕ್ಕೆ ಬೀಗರ ಊರಿಗೆ ಹೋಗಿದ್ದಳು. ಅಳಿಯನ ಮನೆ ಇಕ್ಕಟ್ಟೆಂದು ಮಗಳನ್ನೂ ಕೂಸನ್ನೂ ಕರೆದುಕೊಂಡು ತನ್ನ ಮನೆಗೆ ಬಂದಿದ್ದಾಳೆ. ಬೀಗದ ಹಿಂದೆ ಇದ್ದದ್ದು ಯಾರದೋ ಸಾಮಾನಲ್ಲ, ಒಂದು ಸಂಸಾರ! ಭೋಗ್ಯದ ಕರಾರು ನೋಂದಣಿಯಾಗಿರಲಿಲ್ಲ. ಆದ್ದರಿಂದ ಯಾವ ಪತ್ರದಲ್ಲೂ ಕಾಣಿಸಿರಲಿಲ್ಲ. ಮನೆಯಲ್ಲಿ ಯಾರು ಇದ್ದಾರೆ, ಯಾವ ಹಕ್ಕಿನಿಂದ ಇದ್ದಾರೆ ಎಂದು ಕೇಳಿ ತಿಳಿಯುವುದು ಕೊಳ್ಳುವವನ ಕೆಲಸ.

ಷಡಕ್ಷರಿ ಲೆಕ್ಕ ಹಾಕಿದ. ಮೇಲಿನ ಮನೆಯ ಬಾಡಿಗೆ ಹೋಯಿತು. ಬಾಡಿಗೆ ಹೋದರೆ ಕಂತು. ಕಂತು ತಪ್ಪಿದರೆ ಈ ಮನೆ. ಆ ಲೆಕ್ಕ ಮುಗಿಯುವ ಮುನ್ನವೇ ವನಜಾಕ್ಷಿ ಅವನ ಜೇಬಿನಿಂದ ಗೇಟಿನ ಕೀಲಿಕೈ ಕಿತ್ತುಕೊಂಡಳು.

“ಏನು ನೋಡ್ತಾ ನಿಂತ್ರಿ? ಬಾಣಂತಿ ಗಾಳಿಗೆ ನಿಂತವ್ಳೆ. ಬನ್ನಿ ಅಕ್ಕ, ಒಳಗೆ ಬನ್ನಿ, ಮೊದ್ಲು ಕೂಸಿಗೆ ಬಿಸಿನೀರು ಕಾಯಿಸ್ತೀನಿ.”

ಆ ತಾಯಿಯ ಮನಸ್ಸಿಗೆ ಶರಣು. ತನ್ನ ಮನೆ ಹೋಗುವಂತಿದ್ದಾಗಲೂ ಬಾಗಿಲಲ್ಲಿ ನಿಂತ ಬಾಣಂತಿಯನ್ನು ಕಂಡವಳು ಅವಳು. ಇದು ಕಥೆಯ ದಾರಿಯಲ್ಲ, ಆದರೂ ಹೇಳದೆ ಮುಂದೆ ಹೋಗಲಾರೆ.

ಬೆಳಗಾಗುತ್ತಲೇ ಷಡಕ್ಷರಿ ತೊಟ್ಟಿಮನೆಗೆ ಓಡಿದ. ಯಜಮಾನರು ಪೂಜೆ ಮುಗಿಸಿ ವಿಭೂತಿ ಧರಿಸಿ ಕುಳಿತಿದ್ದರು.

“ಯಜಮಾನ್ರೇ, ಮೇಲೆ ಭೋಗ್ಯದೋರು ಇದ್ದಾರೆ ಅಂತ ಹೇಳಲಿಲ್ಲವಲ್ಲ?”

“ನೀನು ಕೇಳಲಿಲ್ಲವಲ್ಲಪ್ಪ,” ಎಂದರು ಯಜಮಾನರು. ದನಿಯಲ್ಲಿ ಸಿಟ್ಟಿಲ್ಲ, ನಾಚಿಕೆಯಿಲ್ಲ. “ಕೇಳಿದ್ದರೆ ಹೇಳ್ತಿದ್ದೆ. ಮನೆ ನಿನ್ನದಾಯ್ತು, ಮನೆಯಲ್ಲಿರೋರೂ ನಿನ್ನೋರೇ. ಅವರ ಗಂಟು ಇನ್ನು ನೀನೇ ನೋಡ್ಕೋಬೇಕು. ಲೇ, ಷಡಕ್ಷರಿಗೆ ಉಪ್ಪಿಟ್ಟು ತನ್ರೋ!”

ಉಪ್ಪಿಟ್ಟು ಬಂತು. ಶರಣರೇ, ಏನು ಹೇಳಲಿ, ಅದನ್ನೂ ತಿಂದು ಬಂದ! ತಿಂದಮೇಲೆ ಬಾಯಿ ಹೇಗೆ ಬರುತ್ತದೆ? ಕೈತೊಳೆದು, ನಮಸ್ಕರಿಸಿ ಮನೆಗೆ ನಡೆದ.

ಕಂತಿನ ದಿನ ಹತ್ತಿರವಾಯಿತು. ಅವನು ಬ್ಯಾಂಕಿನ ಬೀದಿಯನ್ನೇ ತಪ್ಪಿಸಿ ಓಡಾಡತೊಡಗಿದ. ವನಜಾಕ್ಷಿಯೇ ಹಿಡಿದು ಕರೆದೊಯ್ದಳು. ಮ್ಯಾನೇಜರ್ ಎಲ್ಲ ಕೇಳಿ ಹಣೆ ಒತ್ತಿಕೊಂಡರು.

“ನಾ ಕೇಳಿದ್ದಿಲ್ಲೇನ್ರೀ ನಿಮ್ಮನ್ನ? ಇರ್ಲಿ. ಕಂತು ತಪ್ಪೂದರ ಮೊದ್ಲು ಬಂದ್ರಲ್ಲ, ಚಲೋ ಆತು. ತಪ್ಪಿದ ಮ್ಯಾಲೆ ಬಂದಿದ್ರ ನನ್ನ ಕೈಯಾಗೂ ಏನೂ ಇರ್ತಿರ್ಲಿಲ್ಲ. ಸಾಲದ ಅವಧಿ ಬೆಳೆಸಾಕ ಬರೀತೀನಿ, ಮಂಜೂರಾದ್ರ ಕಂತು ಸಣ್ಣದಾಗ್ತದ. ಆದ್ರ ಬಡ್ಡಿ ಹೆಚ್ಚು ದಿವ್ಸ ಓಡ್ತದ, ತಿಳೀತಿಲ್ಲೋ? ಹಂಗಂತ ಆ ದೊಡ್ಡ ಮನಷ್ಯಾನ್ನ ಬಿಡಬ್ಯಾಡ್ರಿ. ವಕೀಲರನ್ನ ನೋಡ್ರಿ. ಅದಕೂ ಮೊದ್ಲು ಹೋಗಿ ಬಾಯಿಬಿಟ್ಟು ಕೇಳ್ರಿ.”

ಕೇಳುವ ದಿನ ಬಂತು. ಯಜಮಾನರ ಮೊಮ್ಮಗನ ನಾಮಕರಣ. ತೊಟ್ಟಿಮನೆಯ ತುಂಬ ಬೀಗರು, ನೆಂಟರು. ಷಡಕ್ಷರಿ ಜಯಶೀಲಮ್ಮನನ್ನೂ ಕರೆದುಕೊಂಡು ಹೋದ.

“ಬಾರಪ್ಪ ಷಡಕ್ಷರಿ! ಮೊದ್ಲು ಊಟ, ಆಮೇಲೆ ಮಾತು. ಎಲೆ ಹಾಕ್ರೋ!”

ಎಲೆ ಹಾಕಿದರು. ಪಾಯಸದ ಘಮ. ಅಪ್ಪನ ಜೊತೆ ಉಂಡ ಅದೇ ಹಜಾರ, ಅದೇ ಕಂಬದ ಪಕ್ಕ. ಒಂದು ಗಳಿಗೆ ಅವನ ಕಾಲುಗಳು ಎಲೆಯ ಕಡೆಗೆ ನಡೆದವು. ಆಮೇಲೆ ನಿಂತ.

“ಇಲ್ಲ ಯಜಮಾನ್ರೇ. ಇವತ್ತು ಉಂಡುಬಿಟ್ರೆ ನಾನು ಇನ್ನು ಬದುಕಿರೋತನಕ ಬಾಯಿ ಬಿಡಲ್ಲ. ಈ ಅಕ್ಕ ಕೊಟ್ಟ ಭೋಗ್ಯದ ಗಂಟು ಯಾರ ಹತ್ರ ಐತೆ?”

ಕೂಗಲಿಲ್ಲ. ಬೈಯಲಿಲ್ಲ. ಟಿಕೆಟ್ ಕೇಳುವ ದನಿಯಲ್ಲೇ ಕೇಳಿದ. ಬಡಿಸುವ ಕೈಗಳು ನಿಂತವು. ಹೊಸ ಬೀಗರು ತಲೆಯೆತ್ತಿ ನೋಡಿದರು.

“ಏನಪ್ಪ ಇದು, ಶುಭಕಾರ್ಯದಲ್ಲಿ...”

“ಅದಕ್ಕೇ ಕೇಳ್ತಿರೋದು. ಗಂಟು ಯಾರ ಹತ್ರ ಐತೆ?”

“ನನ್ನ ಹತ್ರಾನೇ ಇದೆ. ಕೊಡಲ್ಲ ಅಂದ್ನೇನು?”

“ಯಾವತ್ತು ಕೊಡ್ತೀರಿ?”

ಯಜಮಾನರು ಬೀಗರ ಮುಖ ನೋಡಿದರು, ನೆಲ ನೋಡಿದರು. ಒಂದು ಪಾಲು ಆ ತಿಂಗಳು, ಉಳಿದದ್ದು ಯುಗಾದಿಯೊಳಗೆ ಎಂದು ಎಲ್ಲರೆದುರು ಒಪ್ಪಿದರು. ಯುಗಾದಿ ಕಳೆದು ಮತ್ತೊಂದು ಯುಗಾದಿ ಬರುವವರೆಗೆ ಎಳೆದರು, ಅದು ಬೇರೆ ಮಾತು. ಷಡಕ್ಷರಿ ಪ್ರತಿ ಸಲವೂ ಹೋಗಿ ಕೇಳಿದ. ಪ್ರತಿ ಸಲವೂ ನಿಂತೇ ಕೇಳಿದ. ಸಾಲದ ಅವಧಿ ಬೆಳೆದು ಕಂತು ಸಣ್ಣದಾಯಿತು, ಆದರೂ ಆ ದಿನಗಳಲ್ಲಿ ಅವನು ಡಬಲ್ ಡ್ಯೂಟಿ ಮಾಡಿದ, ವನಜಾಕ್ಷಿ ಚಕ್ಕುಲಿ ಕೋಡುಬಳೆ ಮಾಡಿ ಅಂಗಡಿಗಳಿಗೆ ಹಾಕಿದಳು, ಮೈಮೇಲಿನ ಬಂಗಾರ ಹೋಯಿತು. ಮನೆ ಉಳಿಯಿತು. ಗಂಟು ಕೈಗೆ ಬಂದ ಮೇಲೂ ಜಯಶೀಲಮ್ಮ ಬಿಟ್ಟುಹೋಗಲಿಲ್ಲ. “ನನಗೂ ಎದ್ದೇಳು ಅನ್ನದೆ ಇರೋರು ಬೇಕಲ್ಲಪ್ಪ,” ಎಂದು ಬಾಡಿಗೆಗೇ ನಿಂತಳು.

ಹಿಂದಿನ ಕಾಲವನ್ನು ನೆನೆದು ನಾವೆಲ್ಲ ನಿಟ್ಟುಸಿರು ಬಿಡುತ್ತೇವೆ. ಬಾಯಿಮಾತೇ ಪತ್ರ ಆಗಿದ್ದ ಕಾಲ! ನಿಜ. ನಾನೂ ಕಂಡಿದ್ದೇನೆ, ನನಗೂ ಆ ಕಾಲದ ಮೇಲೆ ಆಸೆ. ಆದರೆ ಆಗ ಯಾಕೆ ಕೇಳಬೇಕಾಗಿರಲಿಲ್ಲ? ಬೀದಿಗೆ ಎಲ್ಲ ಗೊತ್ತಿತ್ತು. ಯಾರ ಮನೆ, ಯಾರಿಗೆ ಭೋಗ್ಯ, ಯಾವ ಗೋಡೆ ಯಾರ ಪಾಲು, ಕೇಳದೆಯೇ ಜಗಲಿಗೆ ಜಗಲಿ ಹೇಳುತ್ತಿತ್ತು. ಈಗ ಆ ಜಗಲಿಯನ್ನು ಬಿಟ್ಟೆವು, ಆ ತಿಳಿವಳಿಕೆಯನ್ನು ಬಿಟ್ಟೆವು; ಕೇಳದಿರುವ ಅಭ್ಯಾಸವನ್ನು ಮಾತ್ರ ಉಳಿಸಿಕೊಂಡೆವು!

ಆದ್ದರಿಂದ ತಾಯಂದಿರೇ, ಅಣ್ಣಂದಿರೇ, ನಾಳೆ ನೀವು ಮನೆ ಕೊಳ್ಳಲು ಹೋಗುತ್ತೀರಿ. ಹೋಗಿ, ಕೊಳ್ಳಿ, ಮಕ್ಕಳಿಗೊಂದು ಸೂರು ಮಾಡಿ. ಆದರೆ ಮುಂಗಡ ಕೊಡುವ ಮೊದಲು ಬೀಗ ಹಾಕಿದ ಪ್ರತಿಯೊಂದು ಬಾಗಿಲನ್ನೂ ತೆಗೆಸಿ ನೋಡಿ. ಒಳಗಿರುವವರನ್ನು ನೀವೇ ಮಾತನಾಡಿಸಿ. ಎದುರು ಮನೆಯ ಅಜ್ಜಿ ಕರೆದರೆ ಕುಳಿತು ಕಾಫಿ ಕುಡಿಯಿರಿ, ಅವಳಿಗೆ ವಕೀಲರಿಗೆ ಗೊತ್ತಿಲ್ಲದ್ದು ಗೊತ್ತಿರುತ್ತದೆ. ಬ್ಯಾಂಕಿನವರು ಹೇಳಿದ್ದು ತಿಳಿಯದಿದ್ದರೆ ಇನ್ನೊಮ್ಮೆ ಹೇಳಿ ಎನ್ನಿ. ತಿಳಿಯದೆ ಒಂದು ಸಹಿಯನ್ನೂ ಹಾಕಬೇಡಿ. ಕಷ್ಟ ಬಂದರೆ ಕಂತು ತಪ್ಪುವ ಮೊದಲೇ ಹೋಗಿ ಹೇಳಿ. ಮತ್ತೆ, ವ್ಯವಹಾರದ ಮಾತು ಮುಗಿಯುವವರೆಗೆ ಮಾರುವವರ ಮನೆಯಲ್ಲಿ ಎಲೆಗೆ ಕೂರಬೇಡಿ!

ಕಥೆಯಲ್ಲಿ ಕಳ್ಳ ಯಾರು ಹೇಳಿ. ಯಜಮಾನರೇ? ಅಲ್ಲಿ ಆ ತಾಯಿ ಹೌದು ಹೌದು ಎನ್ನುತ್ತಿದ್ದಾರೆ. ಅವರದು ತಪ್ಪು, ಅದನ್ನು ಅವರು ತೀರಿಸಲೇಬೇಕು. ಆದರೆ ಮನೆ ಮಾರುವ ಮುನ್ನ ಅವರು ಸುಳ್ಳು ಹೇಳಿದ್ದು ಒಂದೇ ಸಲ. ಎಚ್ಚರಿಸಲು ಬಂದ ಪ್ರತಿಯೊಬ್ಬರ ಮುಂದೆಯೂ ಷಡಕ್ಷರಿಯ ಬಾಯಿ ಮುಚ್ಚಿದವನು ಇನ್ನೊಬ್ಬ. ಅವನು ನಿಮ್ಮ ಮನೆಯಲ್ಲೂ ಇದ್ದಾನೆ, ನನ್ನ ಮಠದಲ್ಲೂ ಇದ್ದಾನೆ. ಒಳ್ಳೆಯವನ ವೇಷ ಹಾಕಿದ್ದಾನೆ, ಹಿರಿಯರೇ ಅವನನ್ನು ಹೊಗಳಿ ಸಾಕಿದ್ದಾರೆ. ಹೊರಗೆ ಕಳಿಸಿ ಅವನನ್ನು, ಇವತ್ತೇ ಕಳಿಸಿ.

ಅವನ ಹೆಸರು ದಾಕ್ಷಿಣ್ಯ.